ಸೆಗಣಿಯ ಮರ್ಯಾದೆ

ಕತೆಗಳ ವಿಷಯದಲ್ಲಿ ನಾನು ಹಟ ಮಾಡುವವಳಲ್ಲ. ನರಿ ಮಾತಾಡಿತು ಎಂದರೆ ನಂಬುತ್ತೇನೆ. ರಾಜಕುಮಾರ ಗಿಳಿಯಾದ, ಗಿಳಿ ಮತ್ತೆ ರಾಜಕುಮಾರನಾಯಿತು ಎಂದರೆ ಅದು ಅವರ ಮನೆತನದ ವಿಚಾರ, ನನಗೇಕೆ ಎಂದು ಸುಮ್ಮನಾಗುತ್ತೇನೆ. ಆದರೆ ಸೆಗಣಿಯ ಮನೆ ಒಂದು ಮಳೆಗೆ ಕರಗಿ ಹೋಯಿತು ಎಂದರೆ ಮಾತ್ರ ನನ್ನ ಹತ್ತಿರ ನಡೆಯುವುದಿಲ್ಲ. ಹಾಗೆಂದವರು ಕವಿಗಳಿರಲಿ, ಮಾಸ್ತರರಿರಲಿ, ಜನ್ಮದಲ್ಲಿ ಒಮ್ಮೆಯೂ ಸೆಗಣಿಗೆ ಕೈ ಹಾಕಿದವರಲ್ಲ, ಅಥವಾ ಹಾಕಿ ತೊಳೆದುಕೊಂಡು ಮರೆತವರು.

ಬೇಕಾದರೆ ನನ್ನ ಹಿತ್ತಲಿಗೆ ಬಂದು ನೋಡಿ. ಬೇಸಿಗೆ ಪೂರ್ತಿ ನಮ್ಮ ಎಮ್ಮೆಗಳ ಸೆಗಣಿಗೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಸೇರಿಸಿ ತುಳಿದು ಗೋಡೆಗೆ ಕುಳ್ಳು ಬಡಿಯುತ್ತೇನೆ, ಬೆರಣಿ ಅನ್ನುತ್ತಾರಲ್ಲ, ಅದೇ. ಒಣಗಿದ ಕುಳ್ಳನ್ನು ದುಂಡಗೆ ಒಟ್ಟುತ್ತ ಹೋಗಿ ಆಳೆತ್ತರದ ಬಣವೆ ಮಾಡುತ್ತೇನೆ. ಆಮೇಲೆ ಅದರ ಮೈಗೆಲ್ಲ ಹಸಿ ಸೆಗಣಿ ಮೆತ್ತಿ, ಅಂಗೈಯಿಂದ ಸವರಿ ಸವರಿ, ನೆತ್ತಿಯನ್ನು ಗುಡಿಯ ಶಿಖರದ ಹಾಗೆ ಇಳಿಜಾರು ಮಾಡಿ ಬಿಡುತ್ತೇನೆ. ಮೃಗಶಿರ ಬರಲಿ, ಆರಿದ್ರಾ ಬರಲಿ, ನೀರು ಮೇಲಿನಿಂದ ಜಾರಿ ನೆಲಕ್ಕೆ ಹೋಗುತ್ತದೆಯೇ ಹೊರತು ಒಳಗೆ ಹೋಗುವುದಿಲ್ಲ. ದಸರೆಯ ಹೊತ್ತಿಗೆ ಒಂದು ಕಡೆ ಬಾಯಿ ತೆಗೆದು ಕೈ ಹಾಕಿದರೆ ಒಳಗಿನ ಕುಳ್ಳು ಖಟಖಟ ಅನ್ನುತ್ತದೆ. ಅದೇ ಮಳೆಗೆ ನಮ್ಮ ಸ್ಲ್ಯಾಬಿನ ಮನೆ ಸೋರುತ್ತದೆ. ಸೊಸೆ ರೇಖಾ ಹಾಸಿಗೆಯ ಮೇಲೆ ಪಾತೇಲಿ ಇಟ್ಟುಕೊಂಡು ಕೂತಿರುತ್ತಾಳೆ. "ಗ್ಯಾಸ್ ಬಂದ ಮ್ಯಾಲೂ ಈ ಕುಳ್ಳ ಯಾಕ ಬೇಕ್ರಿ ಅತ್ತಿ?" ಎಂದು ಕೇಳುವವಳೂ ಅವಳೇ, ಕುಳ್ಳಿನ ಉರಿಯ ಮೇಲೆ ಕಾದ ಹಾಲಿನ ಕೆನೆಯನ್ನು ಯಾರೂ ನೋಡದಾಗ ಬೆರಳಿಂದ ಎತ್ತುವವಳೂ ಅವಳೇ.

ಈಗ ಆ ಕತೆ. ಇದು ನಮ್ಮೂರ ಹೊಳೆಯ ಈಚೆಗೂ ಇದೆ, ಆಚೆಗೂ ಇದೆ. ಕನ್ನಡದಲ್ಲೂ ಹೇಳುತ್ತಾರೆ, ಮರಾಠಿಯಲ್ಲೂ ಹೇಳುತ್ತಾರೆ. ಕಾಗೆಯ ಮನೆ ಸೆಗಣಿಯದು, ಗುಬ್ಬಿಯ ಮನೆ ಮೇಣದ್ದು. ಮಳೆ ಬಂತು, ಕಾಗೆಯ ಮನೆ ಕರಗಿ ಹೋಯಿತು. ಕಾಗೆ ನೆನೆಯುತ್ತ ಹೋಗಿ ಗುಬ್ಬಿಯ ಬಾಗಿಲು ಬಡಿಯಿತು. ಗುಬ್ಬಿ ಒಳಗಿನಿಂದಲೇ, ತಡಿ, ನನ್ನ ಮಗುವಿಗೆ ಎರೆಯುತ್ತಿದ್ದೇನೆ ಅಂತು. ಮತ್ತೆ ಬಡಿದರೆ, ತಡಿ, ಎಣ್ಣೆ ಹಚ್ಚುತ್ತಿದ್ದೇನೆ ಅಂತು. ಮತ್ತೆ ಬಡಿದರೆ, ತಡಿ, ಕಾಡಿಗೆ ತೀಡುತ್ತಿದ್ದೇನೆ. ಕಾಗೆ ಮಳೆಯಲ್ಲೇ ಕೂತಿತು, ಕತೆ ಮುಗಿಯಿತು. ಮೇಣದ ಮನೆ ನಮ್ಮ ಕಡೆಯ ಚೈತ್ರದ ಬಿಸಿಲಿಗೆ ಎಷ್ಟು ಹೊತ್ತು ತಾಳುತ್ತದೆ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಇನ್ನು ಆ ಗುಬ್ಬಿಯ ಬುದ್ಧಿ. ಹೊಳೆ ಊರೊಳಗೆ ಬಂದ ವರ್ಷ ನಾವು ಎಮ್ಮೆ, ಆಡು, ಹಾಸಿಗೆ ಸಮೇತ ದಿಬ್ಬದ ಮೇಲಿನ ಮಾಳಿಗೆ ಮನೆಯ ಬಾಗಿಲು ಬಡಿದಿದ್ದೆವು. ಆ ಮನೆಯವರು ಮಗುವಿಗೆ ಕಾಡಿಗೆ ತೀಡುತ್ತಿದ್ದೇವೆ ಎನ್ನಲಿಲ್ಲ. ಬಾಗಿಲು ತೆಗೆದರು. ಎಮ್ಮೆಯನ್ನು ಎಲ್ಲಿ ಕಟ್ಟುವುದು ಎಂದು ಜಗಳ ಆಡಿದರು, ಅದು ಬೇರೆ. ಒಳಗೆ ಕರೆದುಕೊಂಡ ಮೇಲೆ ಆಡಿದ ಜಗಳ ಅದು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಒಂದು ದಿನ ನನ್ನ ಮೊಮ್ಮಗಳು ಭೂಮಿ ಶಾಲೆಯಿಂದ ಬಂದವಳೇ ಪಾಟಿಚೀಲವನ್ನು ಎಮ್ಮೆ ಮೇವು ತಿನ್ನುವ ಗ್ವಾದಲಿಗೆ ಎಸೆದಳು. ಎಮ್ಮೆ ಅದನ್ನು ಮೂಸಿ ನೋಡಿ, ತಿನ್ನುವಂಥದ್ದಲ್ಲ ಎಂದು ಮುಖ ತಿರುಗಿಸಿತು.

"ಆಯಿ, ನಾ ಇನ್ನ ಸಾಲಿಗಿ ಹೋಗೂದಿಲ್ಲ."

"ಯಾಕಬೇ? ಅಕ್ಕೋರು ಬಡದ್ರೇನ?"

"ಕಾಗಿ ಮಾಡ್ಯಾರ."

"ಯಾರನ್ನ?"

"ನನ್ನ! ನಾಟಕದಾಗ!"

ನಾನು ಸಮಾಧಾನ ಹೇಳಿದೆ. ಅಂದರೆ ನನಗೆ ಬರುವಂಥ ಸಮಾಧಾನ. "ಆದ್ರ ಏನಾತು? ಕರಿ ಅದಿ, ಕಾಗಿ ಮಾಡ್ಯಾರ. ನಾನೂ ಕರಿ ಅದೀನಿ. ನಮ್ಮ ಎಮ್ಮಿ ಕರಿ ಐತಿ. ಅದರ ಹಾಲ ಕರಿ ಐತೇನ?" ಎಂದೆ. ಹುಡುಗಿ ಇನ್ನೂ ಜೋರಾಗಿ ಅತ್ತಳು. ಅಳುವಿನ ನಡುವೆ ಒಂದೊಂದೇ ಹೊರಗೆ ಬಂತು. ಗುಬ್ಬಿಯಾಗುವವಳು ಮಾಳಿಗೆ ಮನೆಯ ಸಮೃದ್ಧಿ. ಅವಳ ಮನೆ ಥರ್ಮಾಕೋಲಿನದು, ಒಳಗೆ ಲೈಟು ಹತ್ತುತ್ತದೆ. ಕಾಗೆಯ ಮನೆ ಸೋಪಿನ ರಟ್ಟಿನ ಡಬ್ಬಿಯದು. ಅದು ಬೀಳುತ್ತದೆ, ಜನ ನಗುತ್ತಾರೆ. ಕಾಗೆ ಕೊನೆಯತನಕ ಮೂಲೆಯಲ್ಲಿ ನಡುಗುತ್ತ ಕೂರಬೇಕು. ಚಪ್ಪಾಳೆ ಎಲ್ಲ ಗುಬ್ಬಿಗೆ. ಮರುದಿನದಿಂದ ವರ್ಷಪೂರ್ತಿ ಹುಡುಗರು ಕಾಗಿ, ಕಾಗಿ ಎಂದು ಕೂಗುತ್ತಾರೆ. ಹೋದ ವರ್ಷ ಕಾಗೆಯಾಗಿದ್ದವಳನ್ನು ಇವತ್ತಿಗೂ ಹಾಗೇ ಕರೆಯುತ್ತಾರಂತೆ. ಹಾಜರಿ ಕರೆಯುವಾಗ ಮಾತ್ರ ಅವಳಿಗೆ ಹೆಸರು.

ಸರಿ, ನಮ್ಮ ಹುಡುಗಿ ಬರುವುದಿಲ್ಲ, ಬೇರೆ ಕಾಗೆ ನೋಡಿಕೊಳ್ಳಿ ಎಂದು ಹೇಳಿ ಬರಲು ಮರುದಿನ ನಾನೇ ಶಾಲೆಗೆ ಹೋದೆ. ಅಂಕಲಿಯ ಆಚೆ ಹೊಳೆದಂಡೆಯ ಊರು ನಮ್ಮದು. ಊರು ಸಣ್ಣದು, ಶಾಲೆಯ ಹಾಲ್ ಮಾತ್ರ ದೊಡ್ಡದು. ಹೊಳೆ ಬಂದಾಗ ಜನ ಉಳಿಯಲಿ ಎಂದು ಕಟ್ಟಿಸಿದ್ದು. ಅಲ್ಲಿ ಮೇಜುಗಳನ್ನು ಸಾಲಾಗಿ ಇಟ್ಟು ಬಿಳಿಯ ಪಂಚೆ ಹಾಸಿದ್ದರು. ಈ ಕಾಗೆ ಗುಬ್ಬಿಯ ಕತೆಯನ್ನು ನಮ್ಮ ಐದು ತಾಲೂಕುಗಳಲ್ಲಿ ಯಾರು ಯಾರು ಹೇಗೆ ಹೇಗೆ ನಾಟಕ ಮಾಡಿ ಆಡಿದ್ದಾರೋ ಅದರದೊಂದು ಪ್ರದರ್ಶನವಂತೆ. ಸುಜಾತಾ ಅಕ್ಕೋರು ಎಂದು ಚಿಕ್ಕೋಡಿಯಿಂದ ಬಂದ ಹೊಸ ಶಿಕ್ಷಕಿ. ನಾಟಕದ ಹುಚ್ಚಿನವರು. ರಜೆಯಲ್ಲಿ ಮನೆಮನೆಗೆ ತಿರುಗಿ ಅಟ್ಟದ ಮೇಲಿನ ಸಾಮಾನನ್ನೆಲ್ಲ ಬೇಡಿ ತಂದಿದ್ದರು. ಅವರು ಒಂದು ಮೂಲೆಯಲ್ಲಿ ಏಣಿ ಹತ್ತಿ ಬಟ್ಟೆ ಕಟ್ಟುತ್ತಿದ್ದರು. ಇಳಿಯುವ ತನಕ ನೋಡುತ್ತ ನಿಲ್ಲೋಣ ಎಂದು ನಿಂತೆ.

ನೋಡಿದರೆ ತಮಾಷೆಯಾಗಿಯೇ ಇತ್ತು. ಅಥಣಿಯಿಂದ ಬಂದ ಕಾಗೆಯ ಕೊಕ್ಕು ಚಪ್ಪಲಿಯ ತೊಗಲಿನದು. ಹೊಲಿಗೆ ಎಷ್ಟು ಗಟ್ಟಿ ಎಂದರೆ ನಾಟಕ ಮುಗಿದ ಮೇಲೆ ಕಾಲಿಗೆ ಹಾಕಿಕೊಂಡು ಮನೆಗೆ ನಡೆಯಬಹುದು. ರಾಯಬಾಗದ ಕಡೆಯ ಫೋಟೋದಲ್ಲಿ ಗುಬ್ಬಿಯಾದವನು ಒಬ್ಬ ಪೈಲ್ವಾನ. ಸೀರೆ ಉಟ್ಟಿದ್ದಾನೆ, ಬಳೆ ತೊಟ್ಟಿದ್ದಾನೆ, ಆದರೆ ಆ ತೋಳು ನೋಡಿದ ಯಾವ ಕಾಗೆಗೂ ಬಾಗಿಲು ಬಡಿಯುವ ಧೈರ್ಯ ಬರುವುದಿಲ್ಲ. ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸರು ಆಡಿದ ನಾಟಕದಲ್ಲಿ ಗುಬ್ಬಿಯ ತೊಡೆಯ ಮೇಲೆ ಬೀಡಿ ಎಲೆಯ ಮೊರ. ತಡಿ, ಈ ಕಟ್ಟು ಮುಗಿಸಿ ಬರ್ತೀನಿ ಅನ್ನುತ್ತಿತ್ತಂತೆ. ಆ ಒಂದು ಗುಬ್ಬಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಾಗವಾಡದ ಕಡೆ ಆಡಿದಾಗ ಕಾಗೆ ಮರಾಠಿ ಮಾತಾಡುತ್ತದಂತೆ, ಗುಬ್ಬಿ ಕನ್ನಡ. ಗಡಿಯ ಆಚೆಯವರು ಆಡಿದರೆ ಅದೇ ಉಲ್ಟಾ. ಒಟ್ಟಿನಲ್ಲಿ ಮನೆ ಬೀಳಿಸಿಕೊಂಡವರು ಯಾವಾಗಲೂ ಆ ಕಡೆಯವರು. ಆರೋಗ್ಯ ಇಲಾಖೆಯವರು ಆಡಿಸಿದ ಒಂದು ನಾಟಕದಲ್ಲಿ ಕಾಗೆ ಹಾಳಾಗಲು ಅದರ ಮನೆಯಲ್ಲಿ ಶೌಚಾಲಯ ಇಲ್ಲದ್ದೇ ಕಾರಣವಂತೆ.

ಶಾಲೆಗಳ ಫೋಟೋಗಳದೇ ಒಂದು ಗೋಡೆ. ಹಳೆಯ ಕರಿಬಿಳಿಯವು, ಆಮೇಲಿನ ಬಣ್ಣದವು. ಅಕ್ಷರ ಓದುವುದಕ್ಕಿಂತ ಮುಖ ಓದುವುದು ನನಗೆ ಬೇಗ. ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತ ಹೋದೆ. ಕಾಗೆಗಳೆಲ್ಲ ನಮ್ಮ ಓಣಿಯ ಬಣ್ಣ, ಗುಬ್ಬಿಗಳೆಲ್ಲ ಮಾಳಿಗೆಯ ಬಣ್ಣ. ಒಂದು ಫೋಟೋದಲ್ಲೂ ಅದಲುಬದಲಾಗಿಲ್ಲ. ನಮ್ಮ ಹುಡುಗಿ ಅತ್ತದ್ದು ಸುಮ್ಮನೆ ಅಲ್ಲ ಅನ್ನಿಸಿತು.

ಅದೇ ಸಿಟ್ಟಿನಲ್ಲಿ ಪಕ್ಕದ ರಟ್ಟನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಕಾಗೆಯ ಮನೆಯು ದುರ್ಬಲವಾದ ಸೆಗಣಿಯಿಂದ ಮಾಡಿದ್ದು ಎಂದು ಬರೆದಿತ್ತು. ಅಷ್ಟು ಹೊತ್ತಿಗೆ ಅಕ್ಕೋರು ಏಣಿ ಇಳಿದಿದ್ದರು.

"ಇದನ್ನ ಯಾರ ಬರದಾರ್ರಿ ಅಕ್ಕೋರ?"

"ನಾನ ಬರದೇನ್ರಿ ಆಯಿ. ಯಾಕ್ರಿ?"

"ನೀವು ಸಗಣಿ ಮುಟ್ಟೀರೇನ್ರಿ?"

"ಸಣ್ಣಾಕಿದ್ದಾಗ ದಿನಾ ಅಂಗಳಾ ಸಾರಸ್ತಿದ್ನ್ರಿ."

"ಅಂದ್ರ ಗೊತ್ತಿದ್ದೂ ಸುಳ್ಳ ಬರದೀರಿ."

ಎಂದು ಶುರು ಮಾಡಿ ನನ್ನ ಬಣವೆಯ ಪುರಾಣವನ್ನೆಲ್ಲ ಹೇಳಿದೆ. ಆ ಹೆಣ್ಣುಮಗಳು ಸಿಟ್ಟಾಗಲಿಲ್ಲ. ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಮಾತ ಖರೇ ಐತ್ರಿ ಆಯಿ. ಆದ್ರ ಮನಿ ಬೀಳಲಿಲ್ಲಂದ್ರ ಕತಿ ಮುಂದ ಹೋಗೂದ ಹ್ಯಾಂಗ್ರಿ? ಕಾಗಿ ತನ್ನ ಮನ್ಯಾಗ ಬೆಚ್ಚಗ ಮಕ್ಕೋತೈತಿ, ಗುಬ್ಬಿ ತನ್ನ ಮನ್ಯಾಗ ಮಕ್ಕೋತೈತಿ. ಜನಾ ಎದ್ದ ಮನಿಗಿ ಹೋಗ್ತಾರ" ಎಂದರು.

ಆ ಮಾತಿಗೆ ನಾನು ಹುಬ್ಬು ಗಂಟು ಹಾಕಿ ನಿಂತೆ. ಮಾತಿನಲ್ಲಿ ಸೋತಾಗಲೆಲ್ಲ ನನ್ನದು ಇದೇ ಉಪಾಯ. ಎದುರಿನವರು ಏನೋ ದೊಡ್ಡ ಯೋಚನೆ ನಡೆದಿದೆ ಎಂದುಕೊಳ್ಳುತ್ತಾರೆ. ಅಕ್ಕೋರೂ ಹಾಗೇ ಎಂದುಕೊಂಡಿರಬೇಕು. ಹತ್ತಿರ ಬಂದು ತಮ್ಮ ಕಷ್ಟ ತೋಡಿಕೊಂಡರು. ಪ್ರದರ್ಶನದ ಕಡೆಯ ದಿನ ಊರವರ ಮುಂದೆ ನಾಟಕ. ತಾಲೂಕಿನಿಂದ ಸಾಹೇಬರು ಬರುತ್ತಾರೆ. ರಟ್ಟಿನ ಮನೆ ತಾಲೀಮಿನಲ್ಲಿ ಮಳೆ ಬರುವ ಮೊದಲೇ ಒಬ್ಬ ಹುಡುಗ ಸೀನಿದ್ದಕ್ಕೆ ಬಿತ್ತಂತೆ. ಕಾಗೆಯಾಗಲು ಯಾವ ಹುಡುಗಿಯೂ ಒಪ್ಪುತ್ತಿಲ್ಲ. ಭೂಮಿಗೆ ಗಂಟಲು ಚೆನ್ನಾಗಿದೆ, ಎಲ್ಲರ ಮಾತೂ ಬಾಯಿಪಾಠ ಬರುತ್ತದೆ. ಅವಳೂ ಇಲ್ಲವೆಂದರೆ ನಾಟಕವೇ ಇಲ್ಲ. "ಖರೇ ಸಗಣಿ ಮನಿ ನೀವ ಕಟ್ಟಿಕೊಡ್ರಿ ಆಯಿ. ಭೂಮಿನ್ನೂ ನೀವ ಒಪ್ಪಸ್ರಿ. ಮನಿ ಮಾತ್ರ ಮಳಿ ಹಾಡ ಮುಗಿಯೂದ್ರೊಳಗ ಬೀಳಬೇಕ್ರಿ."

ಹುಡುಗಿ ಬರುವುದಿಲ್ಲ ಎಂದು ಹೇಳಲು ಹೋದವಳು ಹೂಂ ಎಂದು ಬಂದೆ. ಸೆಗಣಿಯ ಮನೆ ಕಟ್ಟಿಕೊಡಿ ಎಂದು ನನ್ನನ್ನು ಇಷ್ಟು ವಯಸ್ಸಿನಲ್ಲಿ ಯಾರೂ ಕೇಳಿರಲಿಲ್ಲ. ಅದರ ಸೊಕ್ಕು.

ಮನೆಗೆ ಬಂದು ಭೂಮಿಗೆ ಹೇಳಿದೆ. ಅವಳು ಕಣ್ಣು ಸಣ್ಣದು ಮಾಡಿ ನೋಡಿದಳು.

"ಮನಿ ನೀ ಕಟ್ಟತಿ?"

"ಹೂಂ."

"ರಟ್ಟಿಂದಲ್ಲ?"

"ಅಲ್ಲಬೇ."

"ಹಂಗಾದ್ರ ನಾ ಆಗ್ತೀನಿ. ಆದ್ರ ಛಂದ ಕಟ್ಟಬೇಕ ಆಯಿ. ಸಮೃದ್ಧಿ ಮನೀಕಿಂತ ಛಂದ. ಬೀಳಬಾರದ ಮತ್ತ."

"ಬಿದ್ರ ತಾನ ನಾಟಕ?"

"ನನಗ ಗೊತ್ತಿಲ್ಲ. ಬೀಳಬಾರದು. ಆಣಿ ಮಾಡು."

ಅವಳಿಗೂ ಹೂಂ ಎಂದೆ. ಹೀಗೆ ಬೀಳುವ ಮನೆಗೊಂದು ಹೂಂ, ಬೀಳದ ಮನೆಗೊಂದು ಹೂಂ ಕೊಟ್ಟು ಎರಡು ದಿಕ್ಕಿಗೂ ಸಿಕ್ಕಿಬಿದ್ದೆ. ರಾಜಕಾರಣಿಗಳು ಇದನ್ನು ದಿನಾ ಮಾಡುತ್ತಾರೆ, ನಿದ್ದೆಯನ್ನೂ ಮಾಡುತ್ತಾರೆ. ನನಗೆ ಮಾತ್ರ ಊಟ ಸೇರಲಿಲ್ಲ. ಕಡೆಗೆ ಒಂದು ಉಪಾಯ ಮಾಡಿದೆ. ನೋಡಲು ಚೆಂದ ಇರಬೇಕು, ಹುಡುಗಿಗೆ ಸಮಾಧಾನ. ಒಳಗೆ ಪೊಳ್ಳಾಗಿರಬೇಕು, ಅಕ್ಕೋರಿಗೆ ಸಮಾಧಾನ. ಈಗಿನ ಕಾಂಟ್ರ್ಯಾಕ್ಟರರು ಕಟ್ಟುವುದಿಲ್ಲವೇ, ಹಾಗೆ.

ಶಾಲೆಯ ವೇದಿಕೆಯ ಮೇಲೆಯೇ ಕೂತು ಕಟ್ಟಿದೆ. ತೊಗರಿ ಕಟ್ಟಿಗೆಯ ಹಂದರ ಹೆಣೆದೆ. ಸಡಿಲವಾಗಿ ಹೆಣೆಯಬೇಕು ಎಂದು ಮನಸ್ಸು ಹೇಳಿತು. ಕೈ ಬಿಗಿಯಾಗಿ ಹೆಣೆಯಿತು. ಬಿಚ್ಚಿ ಮತ್ತೆ ಹೆಣೆದೆ, ಮತ್ತೆ ಅದೇ. ಸೆಗಣಿಗೆ ರವದಿ ಹಾಕಬಾರದು, ನೀರು ಜಾಸ್ತಿ ಹಾಕಬೇಕು ಎಂದುಕೊಂಡು ನೀರು ಸುರಿದೆ. ತೆಳ್ಳಗಾದ ಸೆಗಣಿ ಕಟ್ಟಿಗೆಯಿಂದ ಜೊಲ್ಲಿನ ಹಾಗೆ ಇಳಿಯತೊಡಗಿತು. ಅದನ್ನು ನೋಡಲಾಗಲಿಲ್ಲ. ಒಂದು ಹಿಡಿ ರವದಿ ಸೇರಿಸಿದೆ. ಇನ್ನೊಂದು ಹಿಡಿ. ಆಮೇಲೆ ಇಷ್ಟಾದ ಮೇಲೆ ಇನ್ನೇನು ಎಂದು ಇನ್ನೊಂದು. ಮರುದಿನ ಒಣಗಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಬಿರುಕು ಬಿಟ್ಟರೆ ಒಳ್ಳೆಯದೇ, ನೀರು ಒಳಗೆ ಹೋಗಲಿ ಎಂದು ಹೊರಟವಳು ಮೂರು ಮಾರು ಹೋಗಿ ತಿರುಗಿ ಬಂದು ಬಿರುಕು ಮುಚ್ಚಿದೆ. ಹೆಂಗಸಿನ ಕಣ್ಣೆದುರು ಬಿರುಕು ಇಟ್ಟು, ಹೋಗು ಎಂದರೆ ಹೇಗೆ ಹೋಗುವುದು? ಕೆಟ್ಟ ಕೆಲಸ ಮಾಡಲಿಕ್ಕೂ ಸಣ್ಣಂದಿನಿಂದ ಅಭ್ಯಾಸ ಬೇಕು ಎಂದು ಅವತ್ತು ಗೊತ್ತಾಯಿತು. ಭೂಮಿ ಬಂದು ಒಳಗೆ ಹೊರಗೆ ಓಡಾಡಿ, ಬಾಗಿಲ ಮುಂದೆ ಸುಣ್ಣದಿಂದ ರಂಗೋಲಿ ಬರೆದಳು. ಕಾಗೆಯ ಹೆಜ್ಜೆಯ ರಂಗೋಲಿ. ಅಕ್ಕೋರು ಬಂದು ಗೋಡೆಯ ಮೇಲೆ ಬೆರಳಿಂದ ಟಕಟಕ ಬಡಿದು, "ಆಯಿ, ಇದ ಬೀಳತೈತೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದರು. "ನೀರ ಬಿದ್ರ ಬೀಳತೈತ್ರಿ" ಎಂದೆ. ಹಾಗೆನ್ನುವಾಗ ಅವರ ಮುಖ ನೋಡಲಿಲ್ಲ.

ನಾಟಕದ ದಿನ ಊರಿಗೆ ಊರೇ ಬಂದಿತ್ತು. ಮುಂದಿನ ಸಾಲಿನಲ್ಲಿ ಸಾಹೇಬರು, ಮಾಳಿಗೆ ಮನೆಯವರು. ನನಗೂ ಒಂದು ಕುರ್ಚಿ ಹಾಕಿದ್ದರು, ಮನೆ ಕಟ್ಟಿದವಳು ಎಂದು. ಹಳೆಯ ಕೊಡೆಯ ಬಟ್ಟೆಯಿಂದ ಮಾಡಿದ ರೆಕ್ಕೆ ಕಟ್ಟಿಕೊಂಡು ನಮ್ಮ ಕಾಗೆ ಬಂದಳು. ಬಣ್ಣದ ಕಾಗದದ ಗರಿ ಅಂಟಿಸಿಕೊಂಡ ಸಮೃದ್ಧಿ ಬಂದಳು. ಮಾತು ಕತೆ ಆಯಿತು, ಇಬ್ಬರೂ ಅವರವರ ಮನೆಯೊಳಗೆ ಹೋದರು. ಮಳೆಯ ಹಾಡು ಶುರುವಾಯಿತು. ಹಿಂದೆ ಬೆಂಚಿನ ಮೇಲೆ ನಿಂತ ಹುಡುಗರು ಗಿಡಕ್ಕೆ ನೀರು ಹಾಕುವ ತೂತಿನ ಡಬ್ಬಿಯಿಂದ ಸುರಿಯತೊಡಗಿದರು.

ನೀರು ಕಾಗೆಯ ಮನೆಯ ನೆತ್ತಿಯ ಮೇಲೆ ಬಿತ್ತು. ಜಾರಿತು. ಕೆಳಗೆ ಹೋಯಿತು. ಹಾಡು ಮುಗಿಯಿತು. ಮನೆ ನಿಂತಿತ್ತು.

ಹಾಡನ್ನು ಮತ್ತೆ ಮೊದಲಿನಿಂದ ಹಾಡಿದರು. ಮನೆ ನಿಂತಿತ್ತು. ಪರದೆಯ ಮರೆಯಲ್ಲಿ ಅಕ್ಕೋರು ಬಕೆಟ್, ಬಕೆಟ್ ಎಂದು ಕೈಸನ್ನೆ ಮಾಡಿದರು. ಬಕೆಟ್ ಬಂತು, ಧಡ್ ಎಂದು ಸುರಿದರು. ಸೆಗಣಿಯ ಗೋಡೆ ಎಣ್ಣೆ ಹಚ್ಚಿದ ಎಮ್ಮೆಯ ಹಾಗೆ ಮಿರಮಿರ ಮಿಂಚಿತು. ಹಿಂದಿನಿಂದ ಯಾರೋ, "ಏ, ಅದು ಬಾಳವ್ವಾಯಿ ಕಟ್ಟಿದ್ದೈತಿ! ಜೆಸಿಬಿ ತರಿಸ್ರಿ!" ಎಂದು ಕೂಗಿದರು. ನನ್ನ ಹೆಸರು ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕೂತೆ, ಅಕ್ಕೋರ ಮುಖ ಕಂಡು ಮತ್ತೆ ಕುಗ್ಗಿದೆ. ಭೂಮಿ ಬಾಗಿಲಿಂದ ತಲೆ ಹೊರಗೆ ಹಾಕಿ, "ಇನ್ನೂ ಬಿದ್ದಿಲ್ರಿ ಅಕ್ಕೋರ" ಎಂದು ವರದಿ ಕೊಟ್ಟಳು.

ಅಷ್ಟೊತ್ತಿಗೆ ಬಕೆಟ್ಟಿನ ನೀರು ವೇದಿಕೆಯ ಮೇಲೆ ಹರಿದು ಗುಬ್ಬಿಯ ಮನೆಯ ಬುಡಕ್ಕೆ ಹೋಗಿತ್ತು. ಥರ್ಮಾಕೋಲಿನ ಮನೆ, ಕೆಳಗೆ ರಟ್ಟು. ರಟ್ಟು ನೀರು ಕುಡಿದು ಮೆತ್ತಗಾಗಿ, ಮನೆ ಮೊದಲು ಒಂದು ಕಡೆ ವಾಲಿತು, ಆಮೇಲೆ ಆರಾಮಾಗಿ ಮಲಗಿತು. ಹುಡುಗರು ಡಬ್ಬಿಯ ನೀರನ್ನು ಆ ಕಡೆಗೂ ಸುರಿಯುತ್ತಿದ್ದರು, ಅದರ ನಡುವೆ ಸಮೃದ್ಧಿ ನೆನೆದು ನಿಂತಿದ್ದಳು. ಕಾಗದದ ಗರಿಯ ಬಣ್ಣವೆಲ್ಲ ಫ್ರಾಕಿನ ಮೇಲೆ ಇಳಿಯುತ್ತಿತ್ತು. ಪಾಪ, ಆ ಹುಡುಗಿಗೆ ಬರುತ್ತಿದ್ದದ್ದು ಗುಬ್ಬಿಯ ಮಾತು ಮಾತ್ರ. ಮನೆಯೂ ಇಲ್ಲ, ಬಾಗಿಲೂ ಇಲ್ಲ, ಯಾರೂ ಬಡಿಯುತ್ತಲೂ ಇಲ್ಲ, ಅವಳು ಮಳೆಯಲ್ಲಿ ನಿಂತು, "ತಡಿ, ನನ್ನ ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ" ಎಂದಳು.

ಜನ ನಕ್ಕಿದ್ದು ನಿಮ್ಮ ಕಿವಿಗೂ ಬಿದ್ದಿರಬೇಕು.

ಭೂಮಿ ಒಳಗಿನಿಂದ ಪಿಸುಗುಟ್ಟಿದಳು. ಅವಳ ಪಿಸುಮಾತು ಬಸ್ ಸ್ಟ್ಯಾಂಡಿನ ತನಕ ಕೇಳುತ್ತದೆ. "ಈಗ ನೀ ಬಡೀಬೇಕಬೇ! ನನ್ನ ಬಾಗಲಾ ಬಡಿ!"

ಸಮೃದ್ಧಿ ಬಂದು ಬಡಿದಳು.

"ತಡಿ, ನನ್ನ ಕೂಸಿಗಿ ಎಣ್ಣಿ ಹಚ್ಚಾಕತ್ತೀನಿ" ಎಂದಳು ನಮ್ಮವಳು. ಜನ ಹೋ ಎಂದರು. ಮತ್ತೆ ಬಡಿದಳು. "ತಡಿ, ಕಾಡಿಗಿ ತೀಡಾಕತ್ತೀನಿ." ಸಿಳ್ಳೆ ಬಿದ್ದವು. ಮತ್ತೆ ಬಡಿದಳು. ಗುಬ್ಬಿಯ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಮ್ಮವಳಿಗೆ ರುಚಿ ಹತ್ತಿತ್ತು. "ತಡಿ, ಎಮ್ಮಿ ಹಿಂಡಾಕತ್ತೀನಿ!" ಎಂದಳು. ಸಾಹೇಬರು ನಗುತ್ತ ಕುರ್ಚಿಯಲ್ಲಿ ಹೊರಳಾಡಿದರು. ಇಷ್ಟು ವರ್ಷ ಫೋಟೋದಲ್ಲಿ ಮೂಲೆ ಹಿಡಿದು ಕೂತಿದ್ದ ಕಾಗೆಗಳೆಲ್ಲ ಆ ಒಂದು ಮನೆಯೊಳಗೆ ಸೇರಿಕೊಂಡು ಮಾತಾಡುತ್ತಿವೆ ಅನ್ನಿಸಿ ನನಗೂ ಬಹಳ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಇನ್ನೂ ಸ್ವಲ್ಪ ಬಡಿಯಲಿ ಎಂದುಕೊಂಡೆ. ಆಮೇಲೆ ಆ ಹುಡುಗಿಯ ಗದ್ದ ನಡುಗುವುದು ಕಂಡಿತು. ಅದು ನಾಟಕದ ನಡುಕವಲ್ಲ. ಅವಳ ಮನೆಯ ಪಡಸಾಲೆಯಲ್ಲಿ ನಮ್ಮ ಹಾಸಿಗೆ ಹಾಸಿದ ದಿನ ಭೂಮಿ ಇನ್ನೂ ಕೈಗೂಸು. ಅವಳಿಗೆ ನೆನಪಿಲ್ಲ. ನನಗಿದೆ.

ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. "ಏ ಭೂಮಿ! ಬಾಗಲಾ ತಗೀಬೇ! ಹುಡುಗಿ ನೆನ್ಯಾಕತ್ತೈತಿ!"

ಕಾಗೆ ಕಿಟಕಿಯಲ್ಲಿ ಮುಖ ಹಾಕಿತು. "ನೀ ಸುಮ್ಕ ಕೂಡ ಆಯಿ. ನಾಟಕ ನಡದೈತಿ. ತಗೀತಾರ, ಕಡೀಕ."

"ಕಡೀಕ ತಗಿಯೂದ ಇಲ್ಲಲೇ ಆ ಕತ್ಯಾಗ!"

ಕಿಟಕಿಯಿಂದ ಮುಖ ಒಳಗೆ ಹೋಯಿತು. ಭೂಮಿಗೂ ಆಗಲೇ ಹೊಳೆದದ್ದು. ಕತೆಯಲ್ಲಿ ಬಾಗಿಲು ತೆಗೆಯುವ ಮಾತೇ ಇಲ್ಲ, ಬಾಯಿಪಾಠ ಮಾಡಿದ್ದು ಅಲ್ಲಿಗೆ ಖಾಲಿ. ಇಡೀ ಊರು ಕಾಯುತ್ತಿತ್ತು. ಅಕ್ಕೋರು ಪರದೆ ಹಿಡಿದುಕೊಂಡು ನಿಂತಿದ್ದರು, ಎಳೆಯಲಿಲ್ಲ. ಕಡೆಗೆ ಬಾಗಿಲಿಗೆ ಅಡ್ಡ ಇಟ್ಟಿದ್ದ ಕಟ್ಟಿಗೆಯ ತಟ್ಟಿ ಸರಿಯಿತು.

"ಬಾ ಒಳಗ" ಎಂದಳು ಭೂಮಿ. "ಕಾಲ ಒರಸ್ಕೊಂಡ ಬಾ. ನಿನ್ನೀನ ಸಾರಸೀವಿ."

ಸಮೃದ್ಧಿ ನಿಜವಾಗಿಯೂ ಕಾಲು ಒರೆಸಿಕೊಂಡಳು. ಬಾಗಿಲನ್ನು ನಾನು ಒಂದು ಕಾಗೆಯ ಅಳತೆಗೆ ಇಟ್ಟಿದ್ದೆ. ಅವಳ ರೆಕ್ಕೆ ಸಿಕ್ಕಿಕೊಂಡಿತು. ಒಳಗಿನಿಂದ ಇವಳು ಎಳೆದಳು, ಹೊರಗಿನಿಂದ ಅವಳು ನೂಕಿದಳು, ಆಮೇಲೆ ಒಳಗೆ ಇಬ್ಬರೂ ಕಿಸಿಕಿಸಿ ನಗುವುದು ಕೇಳಿತು. ಪರದೆ ಎಳೆದರು. ಚಪ್ಪಾಳೆ ಯಾರಿಗೆ ಬಿತ್ತು ಎಂದು ಹೇಳಲಾರೆ, ಇಬ್ಬರೂ ಒಳಗೇ ಇದ್ದರು.

ಸಾಹೇಬರು ಭಾಷಣದಲ್ಲಿ ಇದು ಹಳೆಯ ಕತೆಯ ಹೊಸ ರೂಪ, ಇದನ್ನೂ ಪ್ರದರ್ಶನಕ್ಕೆ ಸೇರಿಸಬೇಕು ಎಂದರು. ಅಕ್ಕೋರು ಹೌದು ಸರ್, ಬಹಳ ಯೋಚನೆ ಮಾಡಿ ಮಾಡಿದ್ದು ಎಂದರು. ಭಾಷಣ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಬೀಳೂ ಮನಿ ಕಟ್ಟ್ರಿ ಅಂದಿದ್ನಲ್ರಿ ಆಯಿ."

"ಅದನ್ನ ಕಟ್ಟಾಕ ಹೋಗಿದ್ನ್ರಿ ಅಕ್ಕೋರ. ಅದಕ್ಕ ಬೀಳೂದ ಬಗೀಹರೀಲಿಲ್ಲ."

ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ನಕ್ಕೆವು. ವೇದಿಕೆ ಖಾಲಿ ಮಾಡಲು ಮರುದಿನ ಹಾರೆ ತಂದು ಗಂಡಸರು ಬೆವರಿದ್ದನ್ನು ನಾನಾಗಿ ಹೇಳಿಕೊಳ್ಳುವುದು ಸರಿಯಲ್ಲ, ಅದಕ್ಕೇ ಹೇಳುವುದಿಲ್ಲ.

ಹುಡುಗರು ಭೂಮಿಯನ್ನು ಕಾಗಿ ಎಂದು ಕರೆಯುವುದೇನೂ ತಪ್ಪಲಿಲ್ಲ. ಅವಳು ಮಾತ್ರ ಅಳುವುದು ಬಿಟ್ಟಳು. "ಹೂಂ, ಕಾಗಿ. ಏನೀಗ? ನಮ್ಮ ಮನಿ ಬಿದ್ದಿಲ್ಲ" ಅನ್ನುತ್ತಾಳಂತೆ. ಅದಕ್ಕಿಂತ ಹೆಚ್ಚಿನದು ಮುಂದಿನ ರವಿವಾರ ಆಯಿತು. ಸಮೃದ್ಧಿಯನ್ನು ಕರೆದುಕೊಂಡು ಅವಳ ತಾಯಿ ನಮ್ಮ ಹಿತ್ತಲಿಗೆ ಬಂದರು. ಬರುವ ವರ್ಷ ಕಾಗೆ ತಾನೇ ಆಗಬೇಕು ಎಂದು ಹುಡುಗಿ ಹಟ ಹಿಡಿದಿದ್ದಾಳಂತೆ. ಮನೆಯನ್ನೂ ತಾನೇ ಕಟ್ಟುತ್ತಾಳಂತೆ.

"ಇಕಿಗಿ ಸಗಣಿ ಕೆಲಸ ಕಲಸ್ರಿ ಬಾಳವ್ವಾಯಿ. ಕೋರ್ಸ್ ಎಷ್ಟ ದಿನದ್ದಿರತೈತ್ರಿ?"

"ನಂದಿನ್ನೂ ಮುಗದಿಲ್ರಿ" ಎಂದೆ.

ಹುಡುಗಿ ಫ್ರಾಕು ಎತ್ತಿ ಕಟ್ಟಿ ಕೂತೇಬಿಟ್ಟಳು. ನಮ್ಮವಳನ್ನು ಕರೆದರೆ ಅವಳು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತು, "ನಾ ಈಗ ಕಲಾವಿದೆ ಆಯಿ. ನನಗ ಮಾತ ಬಾಯಿಪಾಠ ಮಾಡೂದೈತಿ" ಎಂದಳು. ಸಮೃದ್ಧಿ ಎರಡೂ ಕೈ ತುಂಬ ಸೆಗಣಿ ಎತ್ತಿ ಗೋಡೆಗೆ ಬಡಿದಳು. ಅದು ಗೋಡೆಗೆ ಅಂಟಿದ ಹಾಗೆ ಮಾಡಿ, ನಿಧಾನವಾಗಿ ಜಾರಿ, ನನ್ನ ಪಾದದ ಮೇಲೆ ಬಂದು ಕೂತಿತು. ಹುಡುಗಿ ನನ್ನ ಮುಖ ನೋಡಿದಳು. ಏನಾಯಿತೋ ಏನೋ, "ಛಂದ ಆಗೈತಿ" ಎಂದುಬಿಟ್ಟೆ. ನಮ್ಮ ಮನೆಯಲ್ಲಿ ನಾನು ಎಂದೂ ಆಡದ ಆ ಮಾತು ಕೇಳಿ ರೇಖಾ ಯಾರೋ ಬೀಗರು ಬಂದಿದ್ದಾರೆ ಎಂದುಕೊಂಡು ಸೆರಗು ಸರಿ ಮಾಡಿಕೊಳ್ಳುತ್ತ ಒಳಗಿನಿಂದ ಓಡಿ ಬಂದಳು. ಅತ್ತೆಯೇ ಅಂದದ್ದು ಎಂದು ತಿಳಿದು ಬಾಗಿಲಲ್ಲೇ ನಿಂತಳು.

ಕಲಾವಿದೆ ಪುಸ್ತಕ ಮುಚ್ಚಿ ಇಳಿದು ಬಂದಳು. ಸೆಗಣಿಯ ಉಂಡೆ ಮಾಡಿ ಫಟ್ ಎಂದು ಬಡಿದಳು. ಕುಳ್ಳು ಗೋಡೆಗೆ ಕಚ್ಚಿ ಕೂತಿತು. ಐದೂ ಬೆರಳು ಮೂಡಿದ್ದವು. ಆಮೇಲೆ ನನ್ನ ಕಡೆ ತಿರುಗಿ ಕಾದಳು.

"ಹೂಂ" ಎಂದೆ.

"ಅಷ್ಟನ?"

"ಮತ್ತೇನಬೇ, ಹಾರಾ ಹಾಕಬೇಕೇನ?"

ಸಮೃದ್ಧಿಗೆ ತಡೆಯಲಾಗಲಿಲ್ಲ. ಗೆಳತಿಯ ಕುಳ್ಳು ನೋಡಿ, ಸೆಗಣಿ ಇದ್ದ ಕೈಯಿಂದಲೇ ಜೋರಾಗಿ ಚಪ್ಪಾಳೆ ತಟ್ಟಿದಳು. ಅದರ ಸಿಡಿತ ಬಾಗಿಲಲ್ಲಿ ನಿಂತಿದ್ದ ರೇಖಾಳ ಹೊಸ ಸೀರೆಯ ತನಕ ಹೋಯಿತು. ಹುಡುಗಿಯರು ನಕ್ಕರು, ಸಮೃದ್ಧಿಯ ತಾಯಿಯೂ ನಕ್ಕರು, ಕಡೆಗೆ ರೇಖಾಳೂ ನಕ್ಕಳು. ಸೀರೆ ತೊಳೆದುಕೊಟ್ಟವಳು ಮಾತ್ರ ನಾನು.